ಕೆದಿಲಾಯ ಮಾಷ್ಟ್ರೂ ಏರ್‌ಬ್ಯಾಗ್ ದೀಪವೂ

ಮಂಗಳೂರಿನ ಶಕ್ತಿನಗರದ ನಮ್ಮ ಅಡ್ಡರಸ್ತೆಯಲ್ಲಿ ಹನ್ನೊಂದು ಮನೆಗಳೂ ಒಂಬತ್ತು ಕಾರುಗಳೂ ಇವೆ. ಆದರೆ ಕಾರಿಗೆಂದು ಪ್ರತ್ಯೇಕ ನೋಟುಪುಸ್ತಕ ಇಟ್ಟು, ಅದಕ್ಕೆ ಕಂದು ಕಾಗದದ ಬೈಂಡು ಹಾಕಿ, ‘ವಾಹನ ವೀಕ್ಷಣಾ ಪುಸ್ತಕ’ ಎಂದು ಲೇಬಲ್ ಅಂಟಿಸಿದವರು ಹೃಷೀಕೇಶ ಕೆದಿಲಾಯರು ಮಾತ್ರ.

ಕೆದಿಲಾಯರು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಎರಡು ವರ್ಷದ ಹಿಂದೆ ನಿವೃತ್ತರಾದ ಮಾಷ್ಟ್ರು. ಅಣ್ಣಂದಿರಿಬ್ಬರು ಮನೆತನದ ದೇವಸ್ಥಾನದಲ್ಲಿ ಪೂಜೆಗೆ ನಿಂತರು, ಇವರು ಕಪ್ಪುಹಲಗೆಯ ಮುಂದೆ ನಿಂತರು. ಹೀಗಾಗಿ ಅರ್ಚಕರ ಗಾಂಭೀರ್ಯ ಹುಟ್ಟಿನಿಂದ ಬಂದದ್ದು, ಮಾಷ್ಟ್ರ ಗಾಂಭೀರ್ಯ ನೌಕರಿಯಿಂದ ಬಂದದ್ದು, ಎರಡೂ ಒಂದೇ ಕುತ್ತಿಗೆಯ ಮೇಲೆ ಕೂತಿವೆ. ಆ ಕುತ್ತಿಗೆ ಸುಲಭಕ್ಕೆ ಬಾಗುವುದಿಲ್ಲ. ಕರೆಂಟು ಹೋದರೆ ನಾವೆಲ್ಲ ಟಾರ್ಚು ಹುಡುಕುತ್ತೇವೆ. ಮಾಷ್ಟ್ರು ಗೇಟಿಗೆ ಬಂದು ಅದು ಯಾಕೆ ಹೋಯಿತೆಂದು ವಿವರಿಸುತ್ತಾರೆ. ಹಾಲಿನವನು ತಡವಾಗಿ ಬಂದರೆ ‘ಕಾರಣ ಸಹಿತ ಹೇಳು’ ಎನ್ನುತ್ತಾರೆ. ಪಾಪ, ಅವನಿಗೆ ತಡವಾದದ್ದು ಮಾತ್ರ ಗೊತ್ತಿರುತ್ತದೆ.

ಇವೆಲ್ಲಕ್ಕಿಂತ ದೊಡ್ಡದು ಅವರ ಏಕಾದಶಿ. ತಿಂಗಳಿಗೆ ಎರಡು ದಿನ ಮಾಷ್ಟ್ರು ನಿರಾಹಾರ. ಬೆಳಿಗ್ಗೆ ಒಂದು ಉದ್ಧರಣೆ ತೀರ್ಥ. ಮತ್ತೆ ಮರುದಿನ ದ್ವಾದಶಿಯ ಪಾರಣೆಯವರೆಗೆ ಹಲ್ಲಿಗೆ ರಜೆ. ನಮ್ಮ ನಿವಾಸಿಗಳ ಸಂಘದ ಸಭೆ ಆ ದಿನವೇ ಬಿದ್ದರೆ, ಎದುರಿಗೆ ಬಂದ ವಡೆಯ ತಟ್ಟೆಯನ್ನು ಎರಡು ಬೆರಳಿನಿಂದ ಪಕ್ಕದವನತ್ತ ಸರಿಸಿ ‘ಇವತ್ತು ನನಗೆ ಇಲ್ಲ’ ಎನ್ನುತ್ತಾರೆ. ಪಕ್ಕದವನು ಹೆಚ್ಚಾಗಿ ನಾನೇ ಆಗಿರುತ್ತೇನೆ. ಆ ಧ್ವನಿ ಕೇಳಿದ ಮೇಲೆ ವಡೆ ಗಂಟಲಿನಿಂದ ಇಳಿಯಬೇಕಾದರೆ ಎರಡು ಲೋಟ ನೀರು ಬೇಕು.

ಅವರ ಹೆಂಡತಿ ನೀರಜಾಕ್ಷಿ, ನಮಗೆಲ್ಲ ನೀರಜಕ್ಕ. ಮದುವೆಯಾಗಿ ಬಂದ ಮೊದಲ ಏಕಾದಶಿಯಂದೇ ಮಾಷ್ಟ್ರು ‘ನಮ್ಮ ಮನೆಯಲ್ಲಿ ಇಬ್ಬರಿಗೂ ಉಪವಾಸ’ ಎಂದು ಹೇಳಿಬಿಟ್ಟಿದ್ದರು. ಇಪ್ಪತ್ತೊಂಬತ್ತು ವರ್ಷಗಳಿಂದ ನೀರಜಕ್ಕ ಅದನ್ನು ಬಿಟ್ಟಿಲ್ಲ. ಆದರೆ ಸಂಜೆ ನಾಲ್ಕು ಗಂಟೆ ಹೊಡೆಯಿತೆಂದರೆ ಅವರಿಗೆ ತಲೆನೋವು. ಹಣೆಗೆ ಬಟ್ಟೆ ಬಿಗಿದು, ಕಿಟಕಿ ಮುಚ್ಚಿ ಮಲಗಬೇಕು. ಹೊಟ್ಟೆ ಖಾಲಿ ಇರುವಾಗ ಮಾತ್ರೆಯನ್ನೂ ತೆಗೆದುಕೊಳ್ಳುವ ಹಾಗಿಲ್ಲ. ಮಾಷ್ಟ್ರು ಸಂಜೆ ತಿರುಗಾಟ ಮುಗಿಸಿ ಬಂದು, ಕೋಣೆಯ ಬಾಗಿಲಲ್ಲಿ ನಿಂತು, “ಎಲ್ಲ ಮನಸ್ಸಿನಲ್ಲಿ ಇರುವುದು ನೀರಜಾ. ನನ್ನನ್ನು ನೋಡು, ಎಂತ ಆಗಿದೆ ನನಗೆ?” ಎನ್ನುತ್ತಿದ್ದರು. ನಿಜಕ್ಕೂ ಅವರಿಗೆ ಏನೂ ಆಗಿರುತ್ತಿರಲಿಲ್ಲ. ಮುಖದಲ್ಲಿ ಒಂದು ಕಳೆಯೇ ಇರುತ್ತಿತ್ತು.

ಉಪವಾಸದ ಈ ಹೆಸರಿನಿಂದಾಗಿ ಅವರಿಗೆ ಅಲ್ಲಲ್ಲಿ ಭಾಷಣಕ್ಕೂ ಕರೆ ಬರುತ್ತಿತ್ತು. ವಿಷಯ ಒಂದೇ: ‘ಉಪವಾಸ ಮತ್ತು ವಿಜ್ಞಾನ’. ಏಕಾದಶಿಯ ಮಾಷ್ಟ್ರು ಎಂಬ ಆ ಹೆಸರು ಹೋದರೆ ಅವರ ಕೈಯಲ್ಲಿ ಉಳಿಯುವುದು ಒಂದು ಕನ್ನಡಕ, ಒಂದು ನೋಟುಪುಸ್ತಕ, ಅಷ್ಟೇ.

ಹೀಗಿರುವಾಗ ಮಾಷ್ಟ್ರು ಕಾರು ಕೊಂಡರು. ವಾಮಂಜೂರಿನಲ್ಲಿ ನಿಝಾರನ ಗ್ಯಾರೇಜು ಉಂಟು. ಹಳೆ ಕಾರು ಕೊಂಡು, ರಿಪೇರಿ ಮಾಡಿ, ಮಾರುವುದು ಅವನ ಕಸುಬು. ಒಂಬತ್ತನೇ ಕ್ಲಾಸಿನಲ್ಲಿ ವಿದ್ಯುನ್ಮಂಡಲದ ಚಿತ್ರ ತಪ್ಪು ಬಿಡಿಸಿದ್ದಕ್ಕೆ ಮಾಷ್ಟ್ರಿಂದ ಬೆಂಚಿನ ಮೇಲೆ ನಿಲ್ಲಿಸಿಕೊಂಡವನು. ಅನಂತರ ವಿದೇಶಕ್ಕೆ ಹೋಗಿ ದಮ್ಮಾಮಿನಲ್ಲಿ ಒಂಬತ್ತು ವರ್ಷ ಅದೇ ವಿದ್ಯುನ್ಮಂಡಲದ ಮೇಲೆ ಅನ್ನ ಉಂಡು, ಊರಿಗೆ ಬರುವಾಗ ಒಂದು ಸ್ಕ್ಯಾನರ್ ತಂದಿದ್ದಾನೆ. ಕಾರಿನ ಒಳಗೆ ವಯರು ಚುಚ್ಚಿದರೆ ಯಾವ ಭಾಗಕ್ಕೆ ಕಾಯಿಲೆ ಎಂದು ಆ ಯಂತ್ರ ಹೇಳುತ್ತದೆ. ಅದನ್ನು ಕೈಗೆತ್ತಿಕೊಂಡಾಗ ನಿಝಾರನ ಧ್ವನಿಯೂ ಸ್ವಲ್ಪ ತಗ್ಗುತ್ತದೆ, ದೊಡ್ಡ ಆಸ್ಪತ್ರೆಯ ಡಾಕ್ಟರಿಗೆ ತಗ್ಗಿದ ಹಾಗೆ. ಆದರೂ ಮಾಷ್ಟ್ರು ಬಂದರೆ ಸ್ಟೂಲಿನಿಂದ ಎದ್ದು ನಿಲ್ಲುತ್ತಾನೆ.

ಮಾಷ್ಟ್ರಿಗೆ ಅವನು ಕೊಟ್ಟದ್ದು ಐದು ವರ್ಷ ಓಡಿದ ಬೆಳ್ಳಿ ಬಣ್ಣದ ಸಣ್ಣ ಕಾರು. ಮೇ ತಿಂಗಳಲ್ಲಿ ಮನೆಗೆ ಬಂತು. ಜೂನಿನ ಒಂದು ಬೆಳಿಗ್ಗೆ ಮಾಷ್ಟ್ರು ನನ್ನನ್ನು ಗೇಟಿನಿಂದಲೇ ಕರೆದರು.

“ಸ್ವಲ್ಪ ಬನ್ನಿ ಮಾರಾಯ್ರೆ. ನಿನ್ನೆ ಸಂಜೆಯಿಂದ ಒಂದು ವಿದ್ಯಮಾನ ಶುರುವಾಗಿದೆ, ತೋರಿಸ್ಲಿಕ್ಕುಂಟು.”

ಮೀಟರಿನ ಮೂಲೆಯಲ್ಲಿ ಒಂದು ಕೆಂಪು ದೀಪ ಉರಿಯುತ್ತಿತ್ತು. ನೀರಜಕ್ಕ ಆಗಲೇ ಬಗ್ಗಿ ನೋಡುತ್ತಿದ್ದರು.

“ಯಾರೋ ಕೂತಿದ್ದಾರೆ. ಎದುರಿಗೆ ಒಂದು ಉಂಡೆ ಉಂಟು. ತಿನ್ಲಿಕ್ಕೆ ಕೂತ ಹಾಗೆ ಕಾಣ್ತದೆ,” ಎಂದರು.

“ತಿನ್ನುವುದಲ್ಲ ನೀರಜಾ!” ಮಾಷ್ಟ್ರ ಧ್ವನಿ ಅನಗತ್ಯವಾಗಿ ಏರಿತು. “ಅದು ಏರ್‌ಬ್ಯಾಗಿನ ಚಿಹ್ನೆ. ಕಾರು ಗುದ್ದಿದರೆ ಒಳಗಿಂದ ಬಲೂನು ಉಬ್ಬಿ ನಮ್ಮನ್ನು ಕಾಪಾಡುವುದು. ಅದರಲ್ಲಿ ಏನೋ ದೋಷ ಉಂಟೆಂದು ದೀಪ ಹೇಳ್ತದೆ.”

“ಹಾಗಾದರೆ ಈಗ ಗುದ್ದಿದರೆ ಬಲೂನು ಬರುವುದಿಲ್ವಾ?”

“ನಾನು ಗುದ್ದುವುದಿಲ್ಲ.”

“ಗುದ್ದುವವರು ಬೇರೆ ಇರ್ತಾರಲ್ಲ ನಂತೂರು ಸರ್ಕಲಿನಲ್ಲಿ,” ಎಂದು ನೀರಜಕ್ಕ ಅಂದಿನಿಂದಲೇ ಹಿಂದಿನ ಸೀಟಿಗೆ ಹೋದರು. ದೀಪ ಆರುವವರೆಗೆ ಮುಂದೆ ಕೂರುವುದಿಲ್ಲ ಎಂದುಬಿಟ್ಟರು. ಮಾಷ್ಟ್ರಿಗೆ ನಿಜವಾಗಿ ನೋವಾದದ್ದು ಇಲ್ಲಿ. ಹೆಂಡತಿ ಹಿಂದೆ, ತಾವು ಮುಂದೆ. ನೋಡಿದವರು ಡ್ರೈವರ್ ಎಂದುಕೊಳ್ಳುವುದಿಲ್ಲವೇ?

ನಿಝಾರ್ ಯಂತ್ರ ಚುಚ್ಚಿ ನೋಡಿದ. “ಎಡ ಸೀಟಿನ ಲೈನ್ ತೋರಿಸ್ತದೆ ಸಾರ್. ಸೀಟಿನ ಅಡಿಯಲ್ಲಿ ಹಳದಿ ಕಪ್ಲರ್ ಉಂಟು, ಎರಡು ವಯರು ಸೇರುವ ಜಾಗ. ಸ್ವಲ್ಪ ಲೂಸ್ ಆಗಿದೆ, ಅಷ್ಟೇ.” ಕೈ ಹಾಕಿ ಒತ್ತಿದ, ಯಂತ್ರದಿಂದ ದೀಪ ಅಳಿಸಿದ. ಐದು ನಿಮಿಷದ ಕೆಲಸ. ಮಾಷ್ಟ್ರು ಪುಸ್ತಕದಲ್ಲಿ ವೀಕ್ಷಣೆ, ಊಹೆ, ಪ್ರಯೋಗ, ನಿರ್ಣಯ ಎಂದು ನಾಲ್ಕು ಅಂಕಣ ಗೆರೆ ಎಳೆದು ತುಂಬಿಸಿದರು. ನೀರಜಕ್ಕ ಮುಂದಿನ ಸೀಟಿಗೆ ಬಂದರು.

ಎರಡು ವಾರದ ಮೇಲೆ ದೀಪ ಮತ್ತೆ ಬಂತು. ನೀರಜಕ್ಕ ಹಿಂದಕ್ಕೆ ಹೋದರು. ನಿಝಾರ್ ಈ ಸಲ ಕಪ್ಲರಿಗೆ ಟೇಪು ಸುತ್ತಿ, “ಇನ್ನು ಬಂದರೆ ನನ್ನ ಹೆಸರು ಬದಲಿಸಿ ಸಾರ್,” ಎಂದ. ಮಾಷ್ಟ್ರು ಪುಸ್ತಕದಲ್ಲಿ ಅಂದಿನ ಉಷ್ಣಾಂಶ, ಮಳೆ, ಚಕ್ರದ ಗಾಳಿ, ಹೋದ ದಾರಿಯ ಗುಂಡಿಗಳ ಸಂಖ್ಯೆ ಎಲ್ಲವನ್ನೂ ಬರೆದರು. ನನಗೂ ಓದಿ ಹೇಳಿದರು. ಗುಂಡಿಗಳು ನಲವತ್ತಮೂರು. ಲೈಬ್ರರಿಗೆ ಹೋಗಿ ಬರುವಾಗ ಎಣಿಸಿದ್ದಂತೆ. ಏಕಾದಶಿಯ ಸಂಜೆ ಮಾಷ್ಟ್ರು ಕೊಡಿಯಾಲ್‌ಬೈಲಿನ ಕಡೆ ಒಂದು ಲೈಬ್ರರಿಗೆ ಹೋಗುವುದು ವಾಡಿಕೆ. ಓದಿನಲ್ಲಿ ಮುಳುಗಿದರೆ ಹಸಿವು ತಿಳಿಯುವುದಿಲ್ಲವಂತೆ.

ಜುಲೈಯ ಒಂದು ಸಂಜೆ ನಾನೂ ಕೊಡಿಯಾಲ್‌ಬೈಲಿನಲ್ಲಿದ್ದೆ. ಆಫೀಸಿನ ಕೆಲಸ ಮುಗಿಸಿ ಹೊರಗೆ ಬಂದರೆ ಧೋ ಎಂದು ಮಳೆ. ನೋಡುತ್ತೇನೆ, ರಸ್ತೆಯಾಚೆ ಒಂದು ಕಾಂಪೌಂಡಿನ ಬದಿಗೆ ಮಾಷ್ಟ್ರ ಬೆಳ್ಳಿ ಕಾರು! ಓಡಿ ಹೋಗಿ ಗಾಜಿಗೆ ಕುಟ್ಟಿದೆ. ಒಳಗೆ ಮಾಷ್ಟ್ರು ಬೆಚ್ಚಿಬಿದ್ದು ಎಡಗೈಯನ್ನು ಕೆಳಗೆ ಇಳಿಸಿದರು. ಟಣ್ ಎಂಬ ಶಬ್ದ ಕೇಳಿತು. ಬಾಗಿಲು ತೆರೆಯಲು ಅರ್ಧ ನಿಮಿಷ ಬೇಕಾಯಿತು. ಆ ಅರ್ಧ ನಿಮಿಷ ಅವರ ದವಡೆ ಆಡುತ್ತಿತ್ತು.

ನಾನು ಎಡ ಸೀಟಿನಲ್ಲಿ ಕೂತೆ. ಕಾರಿನ ಒಳಗೆ ಬಿಸಿ ಎಣ್ಣೆ, ಹಸಿಮೆಣಸು, ಶುಂಠಿ, ತೆಂಗಿನಕಾಯಿ ಚಟ್ನಿ. ಮಂಗಳೂರಿನಲ್ಲಿ ಹುಟ್ಟಿದ ಮೂಗಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ನಾಲ್ಕಕ್ಕೆ ಹೋಟೆಲುಗಳ ಬಾಣಲೆಯಿಂದ ಏಳುವ ಗೋಳಿಬಜೆ.

“ಎಂತದೋ ವಾಸನೆ ಉಂಟಲ್ಲ ಮಾಷ್ಟ್ರೇ?”

“ಹಿಂದಿನ ಓನರಿನದ್ದು,” ಎಂದರು ಮಾಷ್ಟ್ರು, ರಸ್ತೆಯನ್ನೇ ನೋಡುತ್ತಾ. “ಸೀಟಿನ ಬಟ್ಟೆಗೆ ಹಿಡಿದದ್ದು. ಮಳೆಗಾಲದಲ್ಲಿ ಏಳ್ತದೆ. ತೇವಾಂಶ.”

ಅವರ ಮೀಸೆಯ ಬಲತುದಿಯಲ್ಲಿ ಒಂದು ಸಾಸಿವೆ ಕಾಳು ಇತ್ತು. ಅದು ಹಿಂದಿನ ಓನರಿನದ್ದಾಗಿರಲಾರದು.

ಸಿಗ್ನಲ್ಲಿನಲ್ಲಿ ಒಬ್ಬ ಬೈಕಿನವನು ರೇನ್‌ಕೋಟಿನ ಟೊಪ್ಪಿ ಎತ್ತಿ “ಸಾರ್, ನಮಸ್ಕಾರ!” ಎಂದ. ಮಾಷ್ಟ್ರ ಎಡಗೈ ತಾನಾಗಿಯೇ ನನ್ನ ಕಾಲಿನ ಕಡೆಗೆ ಜಾರಿ, ನಾನಿರುವುದು ನೆನಪಾಗಿ ಹಿಂದೆ ಹೋಯಿತು. ಆಗ ನನಗೆ ಅರ್ಥವಾಯಿತು. ಮೂವತ್ತನಾಲ್ಕು ವರ್ಷದ ಶಿಷ್ಯರು ಊರೆಲ್ಲ ತುಂಬಿರುವಾಗ ಕಾರಿನಲ್ಲಿ ಕೂತು ನೆಮ್ಮದಿಯಿಂದ ಗೋಳಿಬಜೆ ತಿನ್ನುವುದು ಹೇಗೆ? ಪ್ರತಿಯೊಂದು ನಮಸ್ಕಾರಕ್ಕೂ ಆ ಟಣ್ ಎಂದ ಸ್ಟೀಲಿನ ಡಬ್ಬ ಒಮ್ಮೆ ಸೀಟಿನ ಅಡಿಗೆ ಹೋಗಲೇಬೇಕು. ನಂತೂರು ಸರ್ಕಲ್ ದಾಟುವಾಗ ಕೆಂಪು ದೀಪ ಹೊತ್ತಿಕೊಂಡಿತು.

“ನೋಡಿ, ನೋಡಿ, ಬಂತು!” ಎಂದರು ಮಾಷ್ಟ್ರು, ನಿಜವಾದ ಆಶ್ಚರ್ಯದಿಂದ. “ಎಂತ ಕಾರಣ ಇರಬಹುದು?”

ಈ ಮನುಷ್ಯನ ಬಗ್ಗೆ ನನಗೆ ಗೌರವ ಹೆಚ್ಚಾದದ್ದು ಆ ಕ್ಷಣದಲ್ಲಿ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಮಟ್ಟಿಗೆ ಏಕಾದಶಿಯಂದು ಅವರು ಏನನ್ನೂ ತಿಂದಿರಲೇ ಇಲ್ಲ. ತಿನ್ನದೇ ಇದ್ದದ್ದು ದೀಪಕ್ಕೆ ಕಾರಣವಾಗುವುದಾದರೂ ಹೇಗೆ? ನಾನೂ ಯಾರಿಗೂ ಹೇಳಲಿಲ್ಲ. ಹೇಳುವುದಾದರೆ ಹೇಳಬೇಕಾದದ್ದು ನೀರಜಕ್ಕನಿಗೆ. ಅವರು ಆ ಹೊತ್ತಿಗೆ ಹಣೆಗೆ ಬಟ್ಟೆ ಕಟ್ಟಿಕೊಂಡು ಕತ್ತಲೆಯಲ್ಲಿ ಮಲಗಿದ್ದರು.

ಮರುದಿನ ಮಾಷ್ಟ್ರೂ ನಾನೂ ವಾಮಂಜೂರಿಗೆ ಹೊರಟಾಗ ನೀರಜಕ್ಕನೂ ಬಂದರು, ಹಿಂದಿನ ಸೀಟಿನಲ್ಲಿ, ನನ್ನ ಪಕ್ಕ. “ಈ ನಿಝಾರನ ಬಾಯಿಂದಲೇ ಕೇಳಬೇಕು. ಮೂರು ಸಲ ಆಯ್ತು,” ಎಂದರು.

ನಿಝಾರ್ ಎಡ ಸೀಟನ್ನು ಹಿಂದಕ್ಕೆ ತಳ್ಳಿ, ಟಾರ್ಚು ಕಚ್ಚಿಕೊಂಡು, ಕಾರಿನೊಳಗೆ ಅರ್ಧ ಮೈ ಇಳಿಸಿದ. ಒಳಗಿನಿಂದ ಮಾತು ಕೇಳಿತು. “ಸಾರ್, ಗುಂಡಗಿನ ಎಂತದ್ದೋ ಸಾಮಾನು ಕಪ್ಲರಿಗೆ ಬಂದು ಗುದ್ದುತ್ತಾ ಉಂಟು. ಗುರುತು ಬಿದ್ದಿದೆ. ಡಬ್ಬದ ಬಾಯಿ ಇರ್ತದಲ್ಲ, ಹಾಗೆ.”

“ನನ್ನ ಕಾರಿನಲ್ಲಿ ಒಂದು ಪೇಪರಿನ ತುಂಡೂ ಇರುವುದಿಲ್ಲ!” ಎಂದರು ಮಾಷ್ಟ್ರು.

ನಿಝಾರ್ ಹೊರಬಂದ. ಅವನ ತೋರುಬೆರಳಿನ ತುದಿಯಲ್ಲಿ ಒಂದು ಕರಿಬೇವಿನ ಎಲೆ ಅಂಟಿತ್ತು. ಒಗ್ಗರಣೆಯಲ್ಲಿ ಬೆಂದು ಸುರುಟಿಕೊಂಡದ್ದು. ಅವನು ಎಲೆ ನೋಡಿದ, ಮೂಸಿದ, ಮಾಷ್ಟ್ರ ಮುಖ ನೋಡಿದ. ಮಾಷ್ಟ್ರ ಮುಖದಲ್ಲಿ ಮೊದಲ ಬಾರಿಗೆ ಒಂದು ಕಾರಣ ಹೊಳೆಯುವುದನ್ನು ನಾನು ಕಣ್ಣಾರೆ ಕಂಡೆ. ಬೆಳಗಾಗುವ ಹಾಗೆ ಅಲ್ಲ; ಮೋಡ ಕವಿಯುವ ಹಾಗೆ.

ನಿಝಾರ್ ಮುಷ್ಟಿ ಮುಚ್ಚಿದ.

“ಎಂತ ಸಿಕ್ಕಿತು?” ನೀರಜಕ್ಕ ಕೇಳಿದರು.

“ಎಂತ ಇಲ್ಲ ಅಮ್ಮ. ಲೂಸ್ ಕಾಂಟ್ಯಾಕ್ಟ್.”

“ಮೂರು ಸಲವೂ ಲೂಸ್ ಕಾಂಟ್ಯಾಕ್ಟಾ? ನೀನು ಟೇಪು ಸುತ್ತಿದ್ದು ಎಂತಕ್ಕೆ ಮತ್ತೆ? ಯಾವ ಯಾವ ದಿನ ಬಂತು, ಅದನ್ನು ಮೊದಲು ನೋಡಬೇಕು. ಇವರು ಬುಕ್ಕಲ್ಲಿ ಬರೆದಿದ್ದಾರೆ. ಕೊಡಿ ಇಲ್ಲಿ.”

ಮಾಷ್ಟ್ರು ನೋಟುಪುಸ್ತಕವನ್ನು ಎದೆಗೆ ಒತ್ತಿಕೊಂಡರು. ನೀರಜಕ್ಕ ಅದನ್ನು ಬಿಡಿಸಿ ತೆಗೆದುಕೊಂಡು, ಬೆರಳಿಟ್ಟು ದಿನಾಂಕ ಓದಿದರು. ಮೂರನೆಯದರಲ್ಲಿ ಬೆರಳು ನಿಂತಿತು.

“ಅಯ್ಯೋ, ಇದು ನನ್ನ ತಲೆನೋವಿನ ದಿನಗಳಲ್ವಾ!”

“ಯಾವ ದಿನ ಅಮ್ಮ?” ಎಂದ ನಿಝಾರ್.

“ಏಕಾದಶಿ. ಮೂರೂ ಏಕಾದಶಿ. ನಾವಿಬ್ಬರೂ ಉಪವಾಸ ಇರುವ ದಿನ.”

ನಿಝಾರ್ ಮುಷ್ಟಿಯಲ್ಲಿದ್ದ ಎಲೆಯನ್ನು ಮೆಲ್ಲನೆ ಪ್ಯಾಂಟಿನ ಜೇಬಿಗೆ ಇಳಿಸಿದ. “ಸಾರಿಗೂ ಉಪವಾಸವಾ?” ಎಂದು ಬಹಳ ವಿನಯದಿಂದ ಕೇಳಿದ.

“ಮೂವತ್ತು ವರ್ಷದಿಂದ! ಒಂದು ಹನಿ ನೀರೂ ಇಲ್ಲ. ಒಂದು ದಿನ ತಲೆ ನೋವು ಅಂತ ಹೇಳಿದವರಲ್ಲ.”

“ದೊಡ್ಡದು ಅಮ್ಮ. ರಂಜಾನಿಗೆ ನಾನೂ ಉಪವಾಸ ಹಿಡಿಯುತ್ತೇನೆ. ನಾಲ್ಕು ಗಂಟೆ ಮೇಲೆ ಗಿರಾಕಿಗಳಿಗೆಲ್ಲ ಬೈದುಬಿಡ್ತೇನೆ. ನನ್ನ ಹೆಂಡತಿ ಫರ್ಝಾನಾ ಫೋನನ್ನೇ ಅಡಗಿಸಿ ಇಡ್ತಾಳೆ. ಸಾರಿಗೆ ಎಂತದ್ದೂ ಆಗುವುದಿಲ್ಲ ಅಂದರೆ...” ಎಂದು ಅವನು ಟಾರ್ಚು ಒರೆಸತೊಡಗಿದ.

ನೀರಜಕ್ಕ ಆಗಲೇ ಮುಂದಿನ ಲೆಕ್ಕಾಚಾರದಲ್ಲಿದ್ದರು. “ಕಾರಿಗೂ ಏಕಾದಶಿ ಆಗುವುದಿಲ್ಲ ಅಂತ ಕಾಣ್ತದೆ. ಇದನ್ನು ಬಿಡಬಾರದು. ಇವರೇ, ನಿಮ್ಮದೇ ವಿಧಾನ ಮಾಡುವ. ಮುಂದಿನ ಏಕಾದಶಿಗೆ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಹೋಗುವ. ನೀವು ಎಲ್ಲಿ ನಿಲ್ಲಿಸ್ತೀರೋ ಅಲ್ಲಿಯೇ ನಿಲ್ಲಿಸಿ. ನಾನು ಪಕ್ಕದಲ್ಲಿ ಕೂತು ನೋಡ್ತೇನೆ, ಎಷ್ಟು ಹೊತ್ತಿಗೆ ಬರ್ತದೆ ಅಂತ.”

“ನಿನಗೆ ತಲೆನೋವು ನೀರಜಾ.”

“ಮಲಗಿದರೂ ನೋಯ್ತದೆ, ಕೂತರೂ ನೋಯ್ತದೆ. ಕೂತು ನೋಯಲಿ.”

“ಆ ದಿನ ನನಗೆ ಐದು ಗಂಟೆಗೆ ಭಾಷಣ ಉಂಟು, ದೇವಸ್ಥಾನದ ಸಭಾಭವನದಲ್ಲಿ.”

“ಒಳ್ಳೆಯದಾಯ್ತು. ಹಾಗೆಯೇ ಅಲ್ಲಿಗೆ ಹೋಗುವ.”

ನಿಝಾರ್ ಕಪ್ಲರ್ ಒತ್ತಿ ದೀಪ ಅಳಿಸಿದ. ನೀರಜಕ್ಕ ಕಾರು ಹತ್ತಿದ ಮೇಲೆ ಮಾಷ್ಟ್ರ ಹತ್ತಿರ ಬಂದ. ಯಂತ್ರ ಹಿಡಿಯುವಾಗಿನ ಧ್ವನಿ ಅದಲ್ಲ. “ಸಾರ್, ನಾನು ಯಾರಿಗೂ ಹೇಳುವುದಿಲ್ಲ. ಆದರೆ ಆ ಲೈಟ್ ಉರಿಯುವಾಗ ಗುದ್ದಿದರೆ ಬಲೂನು ಬರುವುದಿಲ್ಲ. ಆ ಬದಿಯಲ್ಲಿ ಕೂರುವುದು ಅಮ್ಮ. ಅದೊಂದು ನೆನಪಿರಲಿ ಸಾರ್.”

ಮಾಷ್ಟ್ರು ನೆಲ ನೋಡಿದರು. ತಾವೇ ಬೆಂಚಿನ ಮೇಲೆ ನಿಲ್ಲಿಸಿದ್ದ ಹುಡುಗನ ಎದುರು ತಲೆ ತಗ್ಗಿಸಿ ನಿಂತದ್ದು ಅವರ ಜೀವಮಾನದಲ್ಲೇ ಮೊದಲಿರಬೇಕು.

ಅದರ ಮುಂದಿನ ಏಕಾದಶಿ ಶ್ರಾವಣದಲ್ಲಿ ಬಂತು. ಬೆಳಿಗ್ಗೆ ಗೇಟಿನಲ್ಲಿ ಸಿಕ್ಕಿದ ಮಾಷ್ಟ್ರು ನನ್ನ ಕೈ ಹಿಡಿದು, “ನೀವೂ ಬನ್ನಿ, ಹಿಂದೆ ಕೂತುಕೊಳ್ಳಿ. ಸಾಕ್ಷಿಗೆ,” ಎಂದರು. ಹನ್ನೊಂದು ಗಂಟೆಗೆ ಮತ್ತೊಮ್ಮೆ ಕಂಡಾಗ ಗೇಟಿನ ಚಿಲಕ ಸಿಕ್ಕಿಕೊಂಡಿತೆಂದು ಚಿಲಕಕ್ಕೆ ಬೈಯುತ್ತಿದ್ದರು. ಒಂದು ಗಂಟೆಗೆ ನಮ್ಮ ಮನೆಯ ಕುಕ್ಕರ್ ಕೂಗಿದ್ದಕ್ಕೆ ಅವರ ಕಿಟಕಿ ಧಡಾರನೆ ಮುಚ್ಚಿಕೊಂಡಿತು.

ಮೂರೂವರೆಗೆ ಹೊರಟೆವು. ನೀರಜಕ್ಕ ಮುಂದಿನ ಸೀಟಿನಲ್ಲಿ, ಬೆಲ್ಟು ಕಟ್ಟಿ, ಹಣೆಗೆ ಬಟ್ಟೆ ಸುತ್ತಿ, ತೊಡೆಯ ಮೇಲೆ ನೋಟುಪುಸ್ತಕ ಬಿಡಿಸಿ. ಕೊಡಿಯಾಲ್‌ಬೈಲಿನಲ್ಲಿ ಮಾಷ್ಟ್ರು ಅದೇ ಕಾಂಪೌಂಡಿನ ಬದಿಗೆ ಕಾರು ನಿಲ್ಲಿಸಿದರು.

“ಇದು ಲೈಬ್ರರಿಯಾ?” ನೀರಜಕ್ಕ ಕತ್ತು ಹೊರಗೆ ಹಾಕಿದರು. “ಲೈಬ್ರರಿ ಎಲ್ಲಿ ಉಂಟು?”

“ಆಚೆ ಬದಿಯಲ್ಲಿ. ಪಾರ್ಕಿಂಗ್ ಇಲ್ಲಿ.”

“ಇಲ್ಲಿ ಒಂದು ಹೋಟೆಲು ಉಂಟು.”

“ಉಂಟಾ?” ಎಂದರು ಮಾಷ್ಟ್ರು.

ಹೋಟೆಲಿನ ಕಿಟಕಿಯಿಂದ ಗಾಳಿ ಇತ್ತಲೇ ಬೀಸುತ್ತಿತ್ತು. ಆ ದಿನದ ಮೊದಲ ಗೋಳಿಬಜೆ ಎಣ್ಣೆಗೆ ಬಿದ್ದ ಸದ್ದು ಕಾರಿನ ಒಳಗೂ ಕೇಳಿತು. ಮಾಷ್ಟ್ರು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ತುಟಿಯಲ್ಲಿ ಏನೋ ಜಪಿಸುತ್ತಿದ್ದರು. ಇಪ್ಪತ್ತು ನಿಮಿಷ ಕೂತೆವು. ದೀಪ ಬರಲಿಲ್ಲ. ನಮಸ್ಕಾರ ಹೇಳಿದ ಇಬ್ಬರು ಶಿಷ್ಯರಿಗೆ ಮಾಷ್ಟ್ರು “ಎಂತ ನಮಸ್ಕಾರ? ಹೋಗು, ಕೆಲಸ ನೋಡು!” ಎಂದರು. ನಂತೂರಿನವರೆಗೆ ಬಂದೆವು, ಎಲ್ಲ ಗುಂಡಿಗಳಿಗೂ ಇಳಿದು ಹತ್ತಿದೆವು. ದೀಪ ಬರಲೇ ಇಲ್ಲ. ನೀರಜಕ್ಕ ಪುಸ್ತಕದಲ್ಲಿ ‘ಇಲ್ಲ’ ಎಂದು ಬರೆದರು.

ಭಾಷಣದ ವಿಷಯ ಹೇಳಬಾರದು. ಸಭಾಭವನ ತುಂಬಿತ್ತು. “ಸಂಜೆಯ ಹೊತ್ತಿಗೆ ಉಪವಾಸಿಯ ದೇಹ ಹತ್ತಿಯಂತೆ ಹಗುರಾಗುತ್ತದೆ, ಚಿತ್ತ ಪ್ರಶಾಂತವಾಗುತ್ತದೆ” ಎಂಬಲ್ಲಿಗೆ ಮಾಷ್ಟ್ರು ಮೇಜನ್ನು ಹಿಡಿದುಕೊಂಡರು. ಮೈಕು ಸಣ್ಣಗೆ ಕೀಂ ಎಂದಿತು. “ಯಾರಯ್ಯಾ ಅದು ಮೈಕಿನವನು? ಮೂರ್ಖ! ಕಾರಣ ಗೊತ್ತುಂಟಾ ನಿನಗೆ ಆ ಶಬ್ದಕ್ಕೆ?” ಎಂದು ಗುಡುಗಿದರು. ಪ್ರಶಾಂತತೆಯ ಬಗ್ಗೆ ಕೇಳುತ್ತಿದ್ದ ಸಭೆ ಒಟ್ಟಾಗಿ ಬೆನ್ನು ನೆಟ್ಟಗೆ ಮಾಡಿತು. ಯಾವಾಗಲೂ ಐವತ್ತು ನಿಮಿಷ ಮಾತಾಡುವವರು ಹನ್ನೊಂದೇ ನಿಮಿಷಕ್ಕೆ ಮುಗಿಸಿ ಇಳಿದರು. ಚಪ್ಪಾಳೆ ಎಂದಿಗಿಂತ ಜೋರಾಗಿಯೇ ಬಿತ್ತು.

ಕಾರಿನ ಬಳಿ ಬಂದು ಕೀಲಿಯನ್ನು ನನ್ನ ಕೈಯಲ್ಲಿ ಇಟ್ಟರು. “ನೀವು ಬಿಡಿ. ನನಗೆ ಕಣ್ಣು ಕತ್ತಲೆ ಬರ್ತದೆ.”

ನಾನು ಡ್ರೈವರ್ ಸೀಟಿನಲ್ಲಿ, ಮಾಷ್ಟ್ರು ಎಡಕ್ಕೆ, ನೀರಜಕ್ಕ ಹಿಂದೆ. ಇನ್ನೂ ಬೆಳಕಿತ್ತು. ಮಾಷ್ಟ್ರು ಅಂಗವಸ್ತ್ರವನ್ನು ಕಣ್ಣಿನ ಮೇಲೆ ಎಳೆದುಕೊಂಡರು. ಹಿಂದಿನಿಂದ ನೀರಜಕ್ಕನ ಧ್ವನಿ ಬಂತು.

“ತಲೆ ನೋಯ್ತದಾ?”

“ಸ್ವಲ್ಪ.”

“ಎಲ್ಲಿ? ಹುಬ್ಬಿನ ಮೇಲೆಯಾ?”

“ಹೌದು.”

“ಮತ್ತೆ ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳೀತದಾ?”

“ಹೌದು ಮಾರಾಯ್ತಿ. ಬಾಯಿ ಮುಚ್ಚಿ ಕೂತುಕೋ.”

“ಮಾತು ಕೇಳಿದರೆ ಸಿಟ್ಟು ಬರ್ತದಾ?”

ಮಾಷ್ಟ್ರು ಅಂಗವಸ್ತ್ರವನ್ನು ಗಲ್ಲದವರೆಗೆ ಎಳೆದುಕೊಂಡರು.

“ವಾಕರಿಕೆ ಉಂಟಾ?”

“ಉಂಟು.”

ನೀರಜಕ್ಕ ಬಹಳ ಶಾಂತವಾಗಿ ಹೇಳಿದರು. “ವಾಕರಿಕೆ ಮೊದಮೊದಲು ಮಾತ್ರ ಬರುವುದು. ನನಗೆ ನಾಲ್ಕನೇ ಏಕಾದಶಿಗೆ ನಿಂತಿತ್ತು.”

ಗೇರು ಬದಲಾಯಿಸುವ ಕೆಲಸ ನನಗೆ ಇದ್ದಕ್ಕಿದ್ದಂತೆ ತುಂಬ ಮುಖ್ಯವಾಯಿತು.

“ಇವತ್ತು ದೀಪ ಬರಲಿಲ್ಲ,” ನೀರಜಕ್ಕ ಮುಂದುವರಿಸಿದರು. “ದಾರಿ ಅದೇ, ಹೊತ್ತು ಅದೇ, ಕಾರು ಅದೇ. ಒಂದೇ ಒಂದು ಬದಲಾದದ್ದು. ನಿಮಗೆ ಇವತ್ತು ತಲೆನೋವು. ನಿಝಾರ್ ಹೇಳಿದ್ದ, ಡಬ್ಬದ ಬಾಯಿಯ ಹಾಗೆ ಗುರುತು ಅಂತ. ಹೇಳಿ, ಡಬ್ಬದಲ್ಲಿ ಎಂತ ಇತ್ತು?”

ಅಂಗವಸ್ತ್ರದ ಅಡಿಯಿಂದ ಬಂದ ಧ್ವನಿ ಒಂಬತ್ತನೇ ಕ್ಲಾಸಿನ ಹುಡುಗನದ್ದು. “ಗೋಳಿಬಜೆ.”

“ಯಾವಾಗಿಂದ?”

“ಕಾರು ತೆಗೆದ ಮೇಲೆ.”

“ಅದಕ್ಕಿಂತ ಮೊದಲು?”

“ಮೊದಲು... ವಾಕಿಂಗಿಗೆ ಹೋಗುವಾಗ.”

“ವಾಕಿಂಗ್ ಶುರು ಮಾಡಿದ್ದು ರಿಟೈರ್ ಆದ ಮೇಲೆ. ಅದಕ್ಕಿಂತ ಮೊದಲು?”

“ಸ್ಟಾಫ್ ರೂಮಿನಲ್ಲಿ ವಿನಿಫ್ರೆಡ್ ಟೀಚರು ಬನ್ಸ್ ತರ್ತಿದ್ದರು,” ಎಂದರು ಮಾಷ್ಟ್ರು. “ಪ್ರತಿದಿನ ತರ್ತಿದ್ದರು. ಅವರಿಗೆ ಏಕಾದಶಿ ಗೊತ್ತಿರಲಿಲ್ಲ. ಬೇಡ ಅಂದರೆ ಬೇಜಾರು ಮಾಡ್ತಿದ್ದರು.”

“ಇಪ್ಪತ್ತೊಂಬತ್ತು ವರ್ಷ!”

“ಮೊದಲ ಎರಡು ವರ್ಷ ನಿಜವಾಗಿಯೂ ಮಾಡಿದ್ದೆ ನೀರಜಾ,” ಎಂದು ಮಾಷ್ಟ್ರು ಅಂಗವಸ್ತ್ರ ತೆಗೆದು ಹಿಂದೆ ತಿರುಗಿದರು. “ಆಗಲೂ ಹೀಗೆಯೇ ನೋಯ್ತಿತ್ತು. ನಿನ್ನ ಹತ್ತಿರ ಹೇಳಲಿಕ್ಕೆ ಆಗಲಿಲ್ಲ. ನಾನೇ ಹೇಳಿ ಶುರು ಮಾಡಿಸಿದ್ದಲ್ವಾ? ನೀನು ಬಿಡಲೇ ಇಲ್ಲ. ನೀನು ಬಿಡುವುದಿಲ್ಲ ಅಂತ ಆದ ಮೇಲೆ ನಾನು ಬಿಟ್ಟೆ ಅಂತ ಹೇಗೆ ಹೇಳುವುದು?”

ಕನ್ನಡಿಯಲ್ಲಿ ನೋಡಿದೆ. ನೀರಜಕ್ಕ ಹಣೆಯ ಬಟ್ಟೆಯ ಗಂಟು ಬಿಚ್ಚುತ್ತಿದ್ದರು. ಬಿಚ್ಚಿದ ಬಟ್ಟೆಯನ್ನು ಮುಂದಕ್ಕೆ ಚಾಚಿ ಮಾಷ್ಟ್ರ ತೊಡೆಯ ಮೇಲೆ ಹಾಕಿದರು.

“ಬಿಗಿಯಾಗಿ ಕಟ್ಟಿ. ಸಡಿಲ ಕಟ್ಟಿದರೆ ಪ್ರಯೋಜನ ಇಲ್ಲ.” ಆ ಮೇಲೆ ನನಗೆ ಹೇಳಿದರು. “ಗಾಡಿ ತಿರುಗಿಸಿ.”

“ಎಲ್ಲಿಗೆ ನೀರಜಕ್ಕ?”

“ಕೊಡಿಯಾಲ್‌ಬೈಲಿಗೆ. ಆ ಹೋಟೆಲು ಏಳರವರೆಗೆ ಇರ್ತದಾ ಅಂತ ಇವರಿಗೆ ಗೊತ್ತಿರ್ತದೆ.”

“ಏಳೂವರೆ,” ಎಂದರು ಮಾಷ್ಟ್ರು.

ನೀರಜಕ್ಕ ಹೋಟೆಲಿನಲ್ಲಿ ಕೂರಲಿಲ್ಲ. ನನ್ನ ಕೈಯಲ್ಲಿ ಪಾರ್ಸೆಲ್ ತರಿಸಿಕೊಂಡು, ಮಾಷ್ಟ್ರನ್ನು ಹಿಂದಕ್ಕೆ ಕಳುಹಿಸಿ, ಮುಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿ ಕೂತರು. ಪೊಟ್ಟಣ ಬಿಡಿಸಿದರು. ಬಿಸಿ ಹಬೆ ಗಾಜಿಗೆ ಹಿಡಿಯಿತು. ಮೊದಲನೆಯದನ್ನು ಚಟ್ನಿಗೆ ಅದ್ದಿ ತಿಂದು, ಸ್ವಲ್ಪ ಯೋಚಿಸಿ, ಎರಡನೆಯದನ್ನೂ ತಿಂದರು.

“ನನಗೂ ಒಂದು...” ಎಂದಿತು ಹಿಂದಿನ ಸೀಟು.

“ನಾಳೆ ಪಾರಣೆ ಉಂಟಲ್ಲ. ಇವತ್ತಿನದ್ದು ಒಂದಾದರೂ ಪೂರ್ತಿ ಆಗಲಿ,” ಎಂದರು ನೀರಜಕ್ಕ. “ಮುಂದಿನ ಏಕಾದಶಿಯಿಂದ ಇಬ್ಬರೂ ಮನೆಯಲ್ಲೇ ಮಾಡಿ ತಿನ್ನುವ. ಬಾಗಿಲು ತೆರೆದಿಟ್ಟು.”

“ಜನ ಎಂತ ಹೇಳ್ತಾರೆ ನೀರಜಾ? ಭಾಷಣಕ್ಕೆ ಕರೆದರೆ?”

“ಮಾತಾಡಿ. ವಿಷಯ ಬದಲಿಸಿ. ಏರ್‌ಬ್ಯಾಗಿನ ಬಗ್ಗೆ ಮಾತಾಡಿ.”

ಅಷ್ಟರಲ್ಲಿ ಯಾರೋ ಕಾರಿನ ಪಕ್ಕ ಬಗ್ಗಿ, ಹಿಂದಿನ ಗಾಜಿನೊಳಗೆ ಹಣಕಿ, “ಸಾರ್, ನಮಸ್ಕಾರ! ಗುರುತು ಸಿಕ್ಕಿತಾ? ಹಾಶಿಂ, ತೊಂಬತ್ತೆಂಟರ ಬ್ಯಾಚು,” ಎಂದ. ಮುಂದಿನ ಸೀಟಿನಿಂದ ಚಟ್ನಿ ಹತ್ತಿದ ಕೈಯೊಂದು ಕಿಟಕಿಯ ಹೊರಗೆ ಚಾಚಿ ಅವನಿಗೆ ಒಂದು ಗೋಳಿಬಜೆ ಕೊಟ್ಟಿತು. ಹಣೆಗೆ ಹೆಂಡತಿಯ ಬಟ್ಟೆ ಕಟ್ಟಿಕೊಂಡ ಮಾಷ್ಟ್ರು, ಅವನು ಅದನ್ನು ಪೂರ್ತಿ ತಿಂದು ಮುಗಿಸುವವರೆಗೆ ಕಣ್ಣು ತೆಗೆಯದೆ ನೋಡಿದರು.